ಮಾವನ ನಾಲ್ಕು ಗೇಣು

ನನ್ನ ಮಾವನಿಗೆ, ಅಂದರೆ ಗಂಡನ ತಂದೆಗೆ, ಟೇಪು ಕಂಡರೆ ಆಗುತ್ತಿರಲಿಲ್ಲ. ಮಗ ಮುಂಡರಗಿಯಲ್ಲಿ ದರ್ಜಿ ಅಂಗಡಿ ಇಟ್ಟವನು, ಮನೆ ತುಂಬ ಟೇಪುಗಳು. ಆದರೂ ಮಾವ ಹೆಬ್ಬೆರಳು, ಕಿರುಬೆರಳು ಚಾಚಿ ಗೇಣು ಹಾಕಿಯೇ ಎಲ್ಲವನ್ನೂ ಅಳೆಯುವುದು. "ಟೇಪು ಅಂಗಿಗೆ, ಭೂಮಿಗೆ ಗೇಣು" ಎನ್ನುತ್ತಿದ್ದರು. ನಮ್ಮ ಕಡೆ ಹೊಲ ಮಾಡುವವರ ಗೇಣೇ ಆ ಹೊಲದ ಅಳತೆ. ನಮ್ಮೂರು ಡೋಣಿಯ ಮೆಣಸಿನಕಾಯಿ ಹೊಲದಲ್ಲಿ ಸಾಲಿನಿಂದ ಸಾಲಿಗೆ ಮಾವನ ನಾಲ್ಕು ಗೇಣು ಅಂತರ. ಅವರು ಹರೆಯದಲ್ಲಿ ಜಾಲಿ ಕಟ್ಟಿಗೆಯ ಬಿತ್ತುವ ಕೂರಿಗೆ ಮಾಡಿಸಿದಾಗ ಅದರ ಬೀಜ ಇಳಿಯುವ ಎರಡು ಕಾಲುಗಳ ನಡುವೆಯೂ ಅಷ್ಟೇ ಇಡಿಸಿದ್ದರು. ನಾನು ಈ ಮನೆಗೆ ಸೊಸೆಯಾಗಿ ಬಂದ ಮೇಲೆ ಇಪ್ಪತ್ತೆರಡು ವರ್ಷ ಆ ಕೂರಿಗೆಯ ಹಿಂದೆಯೇ ನಡೆದಿದ್ದೇನೆ.

ಗಂಡನಿಗೆ ಸೂಜಿ ದಾರ ಗೊತ್ತು, ಮಣ್ಣು ಗೊತ್ತಿಲ್ಲ. ಹೊಲ ಅಂದರೆ ನಾನು ಮತ್ತು ಮಾವ. ಮಾವನ ಮೊಣಕಾಲು ಸೋತು ಎತ್ತುಗಳ ಹಿಂದೆ ನಡೆಯಲಾಗದೆ ಹೋದಾಗ, ಆ ವರ್ಷದ ಬಿತ್ತನೆ ಮುಗಿಯುತ್ತಲೇ ಎತ್ತು ಮಾರಿದೆವು. ಹೊತ್ತಿಗೆ ಸಿಗದ ಬಾಡಿಗೆ ಎತ್ತು ನಂಬಿದರೆ ಸಾಲುಗಳ ನಡುವಿನ ಕಳೆ ನಮಗಿಂತ ಎತ್ತರ ಬೆಳೆಯುತ್ತದೆ. ಒಂದು ದಿನ ಉಣ್ಣುತ್ತ ಕುಳಿತಾಗ ಗಂಡ, "ಸಣ್ಣ ಟ್ರ್ಯಾಕ್ಟರ್ ನೋಡೂಣು. ಅದು ನಮ್ಮ ಸಾಲಿಗೆ ಹೊಂದಲಿಲ್ಲಂದ್ರ ಯುಗಾದಿಗೆ ಹೊಲ ಲಾವಣಿ ಹಾಕಿಬಿಡೂಣು" ಅಂದ. ನನ್ನ ಕೈಯೊಳಗಿನ ತುತ್ತು ಬಾಯಿಗೆ ಹೋಗಲಿಲ್ಲ. ಹೊಲ ಗುತ್ತಿಗೆಗೆ ಕೊಟ್ಟು, ಮಂದಿ ನನ್ನ ಹೊಲದಲ್ಲಿ ಬಿತ್ತುವುದು, ನಾನು ಕಟ್ಟೆಯ ಮೇಲೆ ಕುಳಿತು ಸೊಪ್ಪು ಸೋಸುವುದು! "ಲಾವಣಿ ಹಾಕೂದಾದ್ರ ನಿನ್ನ ಅಂಗಡಿ ಹಾಕು" ಅಂದೆ. ಮಾವ ರೊಟ್ಟಿಯ ತಾಟನ್ನು ನನ್ನ ಕಡೆ ಸರಿಸಿ, "ಇದನ್ನ ಮುರಿದು ಹಾಲಾಗ ಹಾಕವ್ವಾ" ಅಂದರು. ಎರಡು ಮೂರು ತಿಂಗಳಿಂದ ರೊಟ್ಟಿ ನಾನೇ ಮುರಿದು ಕೊಡುತ್ತಿದ್ದೆ. ಹಲ್ಲಿನ ತೊಂದರೆ ಇರಬೇಕು ಅಂದುಕೊಂಡಿದ್ದೆ.

ಮೊದಲು ಗದಗಿಗೆ ಹೋದೆವು. ದೊಡ್ಡ ಹೆಸರಿನ ಕಂಪನಿ, ಗಾಜಿನ ಬಾಗಿಲು, ಒಳಗೆ ಕಾಲಿಟ್ಟರೆ ತಣ್ಣಗಿನ ಗಾಳಿ. ಸೇಲ್ಸ್‌ನವನು ಗಂಡನಿಗೆ ಅಶ್ವಶಕ್ತಿ ಹೇಳಿದ, ಮಾವನಿಗೆ ವಾರಂಟಿ ಹೇಳಿದ, ನನಗೆ ಕುರ್ಚಿ ತೋರಿಸಿದ. "ಮನ್ಯಾಗ ಯಾರ್ ಓಡಸ್ತೀರಿ?" ಎಂದು ಗಂಡನನ್ನು ಕೇಳಿದ. ಮಾವ ಗದ್ದ ಎತ್ತಿ ನನ್ನ ಕಡೆ ತೋರಿಸಿ, "ಇಕಿ" ಅಂದರು. ಅವನು ನಕ್ಕ. ನನಗೆ ಮೈಯೆಲ್ಲ ಉರಿಯಿತು.

"ಯಾಕ್ರಿ, ಸ್ಟೇರಿಂಗ್ ಹಿಡಿಯಾಕ ಮೀಸಿ ಬೇಕೇನು?"

ಆಮೇಲೆ ನಾನು ಹೊಸ ಗಾಡಿಗಳನ್ನು ಬಿಟ್ಟು ಬಿಡಿಭಾಗಗಳ ಕೌಂಟರಿಗೆ ಹೋಗಿ, ಇದೇ ಗಾಡಿಯ ಫ್ಯಾನ್ ಬೆಲ್ಟ್ ತೋರಿಸ್ರಿ ಅಂದೆ. ಊರಿಗೆ ಬಂದಾಕಿ ನೀರಿಗೆ ಬರದ ಇರ್ತಾಳೇನು, ಮನೆಗೆ ಬಂದ ಗಾಡಿ ಒಂದು ದಿನ ರಿಪೇರಿಗೆ ಬಂದೇ ಬರುತ್ತದೆ. ಬೆಲ್ಟ್ ಇತ್ತು. ಆದರೆ ಡೋಣಿಗೆ ರಿಪೇರಿ ಮೇಸ್ತ್ರಿ ಬರಬೇಕಾದರೆ ಹೆಸರು ಬರೆಸಿ ಪಾಳಿ ಹಚ್ಚಬೇಕಂತೆ. ಬೆಲೆ ಕೇಳಿ ಗಂಡ ನನ್ನ ಮುಖ ನೋಡಿದ. ಮೂವರೂ ಬಸ್ ಹತ್ತಿದೆವು.

ಮುಂಡರಗಿಯ ಡೀಲರನದು ತಗಡಿನ ಶೆಡ್ಡು. ಕಂಪನಿಯ ಹೆಸರು ಅಷ್ಟು ಬಲ್ಲವರಿಲ್ಲ, ಬೆಲೆ ನಡುಮಧ್ಯ. ಅಲ್ಲಿನ ಮೇಸ್ತ್ರಿ ಬೆಲ್ಟನ್ನು ಗೋಡೆಯ ಮೊಳೆಯಿಂದ ತೆಗೆದು, ಧೂಳು ಒರೆಸಿ ನನ್ನ ಕೈಗೇ ಕೊಟ್ಟ. "ಹತ್ತಿ ಕುಂಡ್ರ್ರಿ ಅಕ್ಕಾ, ಕ್ಲಚ್ಚು ಕಾಲಿಗೆ ಸಿಗತೈತೇನ ನೋಡ್ರಿ" ಅಂದ. ಸೀರೆಯ ನೆರಿಗೆ ಎತ್ತಿ ಸಿಕ್ಕಿಸಿ ಹತ್ತಿ ಕುಳಿತೆ. ಕಾಲಿಗೆ ಸಿಕ್ಕಿತು. ಖರೆ ಹೇಳುತ್ತೇನೆ, ನನ್ನ ಮನಸ್ಸು ಅಲ್ಲೇ ಕುಳಿತುಬಿಟ್ಟಿತು.

ಆದರೆ ಮಾವ ಗಾಡಿಯ ಹಿಂದೆ ನೆಲಕ್ಕೇ ಕುಳಿತು ಗೇಣು ಹಾಕುತ್ತಿದ್ದರು. ಒಂದು ಸಾಲು ಗಾಡಿಯ ಹೊಟ್ಟೆಯ ಕೆಳಗೆ ಬರಬೇಕು, ಗಾಲಿಗಳು ಆ ಸಾಲಿನ ಆಚೆ ಈಚೆ ಇರುವ ಖಾಲಿ ಜಾಗದ ನಟ್ಟನಡುವೆ ಓಡಬೇಕು. ಅಂದರೆ ಗಾಲಿಯಿಂದ ಗಾಲಿಗೆ ಸರಿಯಾಗಿ ನಾಲ್ಕು ಗೇಣು ಇರಬೇಕು. ಮಾವ ಎದ್ದು ಕೈ ಝಾಡಿಸಿದರು. "ನಾಲ್ಕು ಬೆರಳು ಹೆಚ್ಚೈತಿ. ಇದು ಬ್ಯಾಡ." ಮೇಸ್ತ್ರಿ ಟೇಪು ತಂದ. ಮಾವ ಅತ್ತ ನೋಡಲೂ ಇಲ್ಲ.

ಲಕ್ಷ್ಮೇಶ್ವರದ ಗಾಡಿ ಎಲ್ಲಕ್ಕಿಂತ ಅಗ್ಗ. ಮಾವ ಗೇಣು ಹಾಕಿದರು. ಒಂದು, ಎರಡು, ಮೂರು, ನಾಲ್ಕು. ಕೂದಲೆಳೆಯಷ್ಟೂ ಹೆಚ್ಚಿಲ್ಲ, ಕಡಿಮೆಯಿಲ್ಲ. "ಆತು, ಇದ ನಮ್ಮದು" ಅಂದರು. ಬೆಲ್ಟ್ ಕೇಳಿದರೆ ಅಂಗಡಿಯವರು ಹುಬ್ಬಳ್ಳಿಯಿಂದ ತರಿಸುತ್ತೇವೆ ಅಂದರು. ನಾನು ಬಾಯಿ ತೆರೆದೆ, ಮಾವನ ಮುಖದ ಕಳೆ ನೋಡಿ ಮುಚ್ಚಿದೆ. ಸೋಮವಾರ ಮುಂಗಡ ಕೊಡುವುದೆಂದು ಮಾತಾಯಿತು. ಬರುವಾಗ ಶಿರಹಟ್ಟಿಯಲ್ಲಿ ಚಹಾಕ್ಕೆ ಇಳಿದಾಗ ಗಂಡ ಟ್ರ್ಯಾಕ್ಟರಿಗೆ ಕಟ್ಟಲು ಕೆಂಪು ಗೊಂಡೆ ಕೊಂಡು ತಂದ. "ಕೂಸು ಹುಟ್ಟೂಕಿಂತ ಮೊದಲ ಕುಲಾಯಿ ಹೊಲಿಸಿದ್ರಂತ" ಅಂದೆ. ದರ್ಜಿಗೆ ಹೇಳಲು ಅದಕ್ಕಿಂತ ಒಳ್ಳೆಯ ಗಾದೆ ಇರಲಿಲ್ಲ.

ಮರುದಿನ ಮುಂಜಾನೆ ಮಾವ, ಗಾಲಿ ಎಲ್ಲೆಲ್ಲಿ ಓಡುತ್ತದೆ ತೋರಿಸುತ್ತೇನೆಂದು ನನ್ನನ್ನು ಹೊಲಕ್ಕೆ ಕರೆದುಕೊಂಡು ಹೋದರು. ಗಿಡಗಳು ಮೊಣಕಾಲುದ್ದ ಬೆಳೆದು ಬಿಳಿ ಹೂ ಬಿಡತೊಡಗಿದ್ದವು. ಮಾವ ಒಂದು ಸಾಲಿನ ಬುಡದಿಂದ ಗೇಣು ಹಾಕಿದರು. ನಾಲ್ಕು ಮುಗಿದರೂ ಆಚೆ ಸಾಲು ಮುಟ್ಟಲಿಲ್ಲ. ಇನ್ನೊಂದು ಕಡೆ ಹಾಕಿದರು. ಅಲ್ಲೂ ಅಷ್ಟೇ.

"ಈ ವರ್ಷ ಕೂರಿಗಿ ಹೆಂಗ ಹಿಡದಿದ್ದಿ ನೀ? ಸಾಲೆಲ್ಲ ಅಗಲ ಆಗ್ಯಾವಲ್ಲ!"

ಇಪ್ಪತ್ತೆರಡು ವರ್ಷದಲ್ಲಿ ನನ್ನ ಬಿತ್ತನೆಗೆ ಅವರು ಹೆಸರಿಟ್ಟು ತಪ್ಪು ತೆಗೆದದ್ದು ಅದೇ ಮೊದಲು. ನನಗೆ ಸಿಟ್ಟು ನೆತ್ತಿಗೇರಿತು. "ನಾ ಹಿಡದದ್ದು ನೀವು ಮಾಡಿಸಿದ ಕೂರಿಗೀನ ಮಾವಾರ! ಎರಡು ಕಾಲಿನ ನಡುವ ನಾ ಏನು ಹಗ್ಗ ಹಾಕಿ ಜಗ್ಗೇನೇನು?" ಅನ್ನುತ್ತ ಹೊಲದ ಗುಡಿಸಲಿಗೆ ದಡದಡ ನಡೆದು, ಕೂರಿಗೆಯನ್ನು ಎಳೆದುಕೊಂಡು ಬಂದು ಅವರ ಮುಂದೆ ಒಗೆದೆ. "ಹಾಕ್ರಿ ಗೇಣು!"

ಮಾವ ಹಾಕಿದರು. ಒಂದು ಕಾಲಿನಿಂದ ಇನ್ನೊಂದು ಕಾಲಿಗೆ, ನಾಲ್ಕು ಗೇಣು. ನಾಲ್ಕು ಬೆರಳು ಉಳಿಯಿತು. ಮತ್ತೆ ಹಾಕಿದರು.

"ಕಟ್ಟಿಗಿ ಹಿಗ್ಗೇತೇನು?" ಎಂದು ಮೆಲ್ಲಗೆ ಕೇಳಿದರು.

ಕಟ್ಟಿಗೆ ಎಲ್ಲಿ ಹಿಗ್ಗುತ್ತದೆ. ಆಗ ನಾನು ಅವರ ಕೈ ನೋಡಿದೆ. ಗಂಟುಗಳು ಊದಿ, ಕಿರುಬೆರಳು ಒಳಕ್ಕೆ ಬಾಗಿ, ಹೆಬ್ಬೆರಳು ಅರ್ಧಕ್ಕೇ ನಿಂತುಬಿಟ್ಟಿತ್ತು. ರೊಟ್ಟಿ ಮುರಿಯಲು ಕೊಡುತ್ತಿದ್ದುದು, ಚಹಾದ ಲೋಟವನ್ನು ಎರಡೂ ಕೈಯಲ್ಲಿ ಹಿಡಿಯುತ್ತಿದ್ದುದು, ಅಂಗಿಯ ಗುಂಡಿಯನ್ನು ಮಗನಿಂದ ಹಾಕಿಸಿಕೊಳ್ಳುತ್ತಿದ್ದುದು ಎಲ್ಲ ಒಮ್ಮೆಲೇ ನೆನಪಾಯಿತು. ದಿನಾ ಕಣ್ಣೆದುರು ಇದ್ದುದು ನನಗೆ ಕಂಡೇ ಇರಲಿಲ್ಲ. ಕೂರಿಗೆ ಒಗೆದ ನನ್ನ ಕೈ ಮುರಿದು ಹೋಗಲಿ ಅನಿಸಿತು. ಮಣ್ಣಲ್ಲೇ ಕುಳಿತು ಅವರ ಬೆರಳುಗಳನ್ನು ಹಿಡಿದು ಬಿಡಿಸಲು ನೋಡಿದೆ. ಬಿಚ್ಚಲಿಲ್ಲ.

"ನೂಸತೈತೇನ್ರಿ?"

"ನಸುಕಿನ್ಯಾಗ ಬಾಳ ನೂಸತೈತಿ" ಅಂದರು. "ಹೇಳಿದ್ರ ನೀವು ಹೊಲ ಲಾವಣಿ ಹಾಕ್ತೀರಿ ಅಂತ ಹೇಳಲಿಲ್ಲ."

ಹೊಲ ಕೈಬಿಟ್ಟು ಹೋದೀತೆಂಬ ಭಯ ನನಗೊಬ್ಬಳಿಗೇ ಅಂದುಕೊಂಡಿದ್ದೆ. ನನಗೆ ಅಳು ಬಂತು. ಅವರು ಅಳಲಿಲ್ಲ. ಗಿಡಗಳ ಕಡೆ ತಿರುಗಿ, "ಮುಂಡರಗಿ ಗಾಡಿ ಎಷ್ಟ ಹೆಚ್ಚಿತ್ತು?" ಎಂದು ಕೇಳಿದರು.

"ನಾಲ್ಕು ಬೆರಳು."

ಕೂರಿಗೆಯ ಮೇಲೂ ಉಳಿದದ್ದು ಅದೇ ನಾಲ್ಕು ಬೆರಳು. ಲಕ್ಷ್ಮೇಶ್ವರದ ಗಾಡಿ ತಂದಿದ್ದರೆ ಅದರ ಗಾಲಿ ಹೊಟ್ಟೆಯ ಕೆಳಗಿನ ಸಾಲಿನ ಹೂವನ್ನೆಲ್ಲ ಸವರಿಕೊಂಡು ಹೋಗುತ್ತಿತ್ತು. ಮಾವನಿಗೆ ಮೊದಲು ನಗು ಬಂತು. "ನಿನ್ನ ಬಿತ್ತಗಿ ತಪ್ಪಿಲ್ಲ ಬಿಡು. ಮುದುಕಂದು ಕೈ ತಪ್ಪೈತಿ" ಅಂದರು.

ಮುಂಡರಗಿಯ ಗಾಡಿಯೇ ಬಂತು. ಗಂಡ ತನ್ನ ಗೊಂಡೆ ಕಟ್ಟಿದ. ಮೇಸ್ತ್ರಿ ನಾಲ್ಕು ದಿನ ಹೊಲಕ್ಕೇ ಬಂದು ಕಲಿಸಿದ. ಮೊದಲ ಸಾಲಿಗೆ ಗಾಡಿ ಇಳಿಸಿದಾಗ ಮಾವ ಬದುವಿನ ಮೇಲೆ ಕುಳಿತು, "ಜಲ್ದಿ ಮಾಡಬ್ಯಾಡ, ಎತ್ತಿನ ಹಂಗ ನಡಸು" ಎಂದು ಕೂಗುತ್ತಿದ್ದರು. ತುದಿ ಮುಟ್ಟಿ ಹಿಂತಿರುಗಿ ನೋಡಿದೆ. ಒಂದು ಟೊಂಗೆಯೂ ಮುರಿದಿರಲಿಲ್ಲ. ಯುಗಾದಿ ಬಂತು, ಹೋಯಿತು. ಲಾವಣಿಯ ಮಾತು ಯಾರೂ ಎತ್ತಲಿಲ್ಲ.

ಮುಂದಿನ ಬಿತ್ತನೆಗೆ ಟ್ರ್ಯಾಕ್ಟರಿಗೆ ಹೊಂದುವ ಕಬ್ಬಿಣದ ಕೂರಿಗೆ ಬೇಕಾಯಿತು. ಮಾಡಿಸಲು ಬೆಟಗೇರಿಯ ವರ್ಕ್‌ಶಾಪಿಗೆ ಗಾಡಿ ತೆಗೆದುಕೊಂಡು ನಾನು, ಮಾವ ಹೋದೆವು. ವೆಲ್ಡಿಂಗ್‌ನವನು ನೆಲದ ಮೇಲೆ ಕಬ್ಬಿಣದ ಪಟ್ಟಿ ಮಲಗಿಸಿ ಟೇಪು ಬಿಚ್ಚಿದ. "ಕಾಲಿನ ನಡುವ ಎಷ್ಟ ಇಡಲಿ ಯಜಮಾನ್ರ?"

ಮಾವ ಎರಡೂ ಕೈಗಳನ್ನು ಬೆನ್ನ ಹಿಂದೆ ಕಟ್ಟಿಕೊಂಡರು. "ನನ್ನ ಕೇಳಬ್ಯಾಡಪ್ಪಾ. ಇಕಿ ಗೇಣು ತೊಗೊ."

ಮೊದಲು ಗಾಡಿಯ ಗಾಲಿಯಿಂದ ಗಾಲಿಗೆ ನನ್ನಿಂದ ಗೇಣು ಹಾಕಿಸಿದರು. ನನ್ನ ಕೈ ಸಣ್ಣದು, ಸರಿಯಾಗಿ ಐದಾಯಿತು. ಆಮೇಲೆ ಪಟ್ಟಿಯ ಮುಂದೆ ಕುಳಿತೆ. ಕಬ್ಬಿಣ ಬಿಸಿಲಿಗೆ ಕಾದಿತ್ತು. ಒಂದು, ಎರಡು, ಮೂರು, ನಾಲ್ಕು. ಇಷ್ಟು ವರ್ಷದ ರೂಢಿ, ನಾಲ್ಕಕ್ಕೆ ಕೈ ತಾನೇ ನಿಂತಿತು.

"ಯಾಕ ನಿಂತಿ?" ಅಂದರು ಮಾವ ಹಿಂದಿನಿಂದ. "ಅದು ನನ್ನ ಲೆಕ್ಕ ಆತು. ಹೊಲ ಇನ್ನ ನಿಂದು. ಇನ್ನೊಂದು ಹಾಕು."

ನಾನು ಐದನೆಯ ಗೇಣು ಹಾಕಿದೆ. ವೆಲ್ಡಿಂಗ್‌ನವನು ನನ್ನ ಕಿರುಬೆರಳಿನ ತುದಿಗೆ ಸೀಮೆಸುಣ್ಣದ ಕಡ್ಡಿಯಿಂದ ಗೆರೆ ಎಳೆದ.