ಕುರ್ಚಿಯಕ್ಕನ ನೋವಿನ ಚೌಕಾಸಿ

ನನ್ನ ಕನ್ನಡಿ ಅಂಗಡಿಯ ಎದುರಿಗೇ ಕುರ್ಚಿಯಕ್ಕನ ಅಂಗಡಿ. ಮನೆ ಖಾಲಿ ಮಾಡುವವರಿಗೆ ಬೇಡವಾದ ಮಂಚ, ಬೀರು, ಊಟದ ಮೇಜು, ಕಾಲು ಮುರಿದ ಸ್ಟೂಲು ಎಲ್ಲವೂ ಅಲ್ಲಿಗೆ ಬಂದು, ಉಜ್ಜಿಸಿಕೊಂಡು, ಪಾಲಿಶ್ ಬಳಿಸಿಕೊಂಡು ಹೊಸ ಸಂಸಾರ ಹುಡುಕಿಕೊಳ್ಳುತ್ತವೆ.

ಅಕ್ಕನ ವ್ಯಾಪಾರದಲ್ಲಿ ಎರಡು ಗುಟ್ಟು. ಒಂದು, ಅವಳು ಮೇಜನ್ನು ಮೇಲಿನಿಂದ ನೋಡುವುದೇ ಇಲ್ಲ. ಕುಕ್ಕರುಗಾಲಲ್ಲಿ ಕೂತು, ಅಡಿಗೆ ತಲೆ ತೂರಿಸಿ, ಗೆದ್ದಲ ಜಾಡು, ಹೊಸ ಮೊಳೆ, ಬಿರುಕಿಗೆ ಮೆತ್ತಿದ ಮೇಣ ಎಲ್ಲವನ್ನೂ ಬೆರಳಲ್ಲೇ ಓದುತ್ತಾಳೆ. ಇನ್ನೊಂದು, ಅವಳು ಮೊದಲು ಹೇಳುವ ಬೆಲೆ. ಅದನ್ನು ಈ ಬೀದಿಯಲ್ಲಿ ಯಾರೂ ನಂಬಿದ್ದಿಲ್ಲ, ಅವಳೇ ನಂಬಿದ್ದಿಲ್ಲ. ಪಾಪದವನೊಬ್ಬ ಚೌಕಾಸಿ ಮಾಡದೆ ಕೇಳಿದಷ್ಟೂ ಕೊಟ್ಟು ಹೋದರೆ, ಲಾಭವಾಯಿತೆಂದು ಖುಷಿಪಡುವುದು ಬಿಟ್ಟು ಇಡೀ ದಿನ ಮುಖ ಊದಿಸಿಕೊಂಡಿರುತ್ತಾಳೆ. "ಮಾತೇ ಆಡ್ಲಿಲ್ಲ ಕಣಣ್ಣ, ಕೊಟ್ಟ, ಹೋದ. ಇದೂ ಒಂದು ವ್ಯಾಪಾರಾನಾ?"

ಇಂಥ ಅಕ್ಕ ಒಂದು ಬೆಳಿಗ್ಗೆ ವ್ಯಾನಿನಿಂದ ಬೀರು ಇಳಿಸುವಾಗ ಹಿಂದಕ್ಕೆ ಸರಿಯಲು ಹೋಗಿ ಎಡವಿ, ಚರಂಡಿಯ ಕಲ್ಲಂಚಿಗೆ ಮೊಣಕಾಲೂರಿ ಬಿದ್ದಳು. ಬೀರುವಿಗೆ ಗೀರೂ ಆಗಲಿಲ್ಲ. ಅಕ್ಕನ ಮಂಡಿಚಿಪ್ಪು ಎರಡು ಹೋಳಾಯಿತು.

ಆಪರೇಷನ್ ಮಾಡಿ ತಂತಿ ಬಿಗಿದ ಸರ್ಜನ್ ಖಡಾಖಂಡಿತವಾಗಿ ಹೇಳಿದರು: "ಚಿಪ್ಪು ಕೂಡಿಸೋದು ನನ್ನ ಕೆಲಸ, ಮುಗೀತು. ಮಂಡಿ ಮಡಚೋದು ನಿಮ್ಮ ಕೆಲಸ. ನಾಳೆಯಿಂದ್ಲೇ ಸ್ವಲ್ಪ ಸ್ವಲ್ಪ ಮಡಚದೇ ಹೋದ್ರೆ ಹೀಗೇ ಬಿಗಿದು ನಿಂತುಬಿಡುತ್ತೆ."

ಅಕ್ಕ ನನ್ನ ಮುಖ ನೋಡಿದಳು. ಮಂಡಿ ಮಡಚದಿದ್ದರೆ ಕುಕ್ಕರುಗಾಲಿಲ್ಲ. ಕುಕ್ಕರುಗಾಲಿಲ್ಲದಿದ್ದರೆ ಮೇಜಿನ ಅಡಿ ಕಾಣುವುದಿಲ್ಲ. ಮೇಲಿನ ಪಾಲಿಶ್ ನೋಡಿ ಕೊಳ್ಳುವುದಾದರೆ ಅವಳಿಗೂ ನನಗೂ ಏನು ವ್ಯತ್ಯಾಸ?

ಮರುದಿನ ನಾನು ಹೋದಾಗ ಸಿಸ್ಟರ್ ಮಂಚದ ಪಕ್ಕ ನಿಂತಿದ್ದಳು.

"ಅಕ್ಕಾ, ನೋವು ಎಷ್ಟಿದೆ? ಸೊನ್ನೆ ಅಂದ್ರೆ ಇಲ್ಲವೇ ಇಲ್ಲ, ಹತ್ತು ಅಂದ್ರೆ ತಡಕೊಳ್ಳೋಕೇ ಆಗದಷ್ಟು."

"ಹತ್ತು."

"ಹತ್ತಾ? ಹತ್ತಿದ್ರೆ ಬಾಯಿಂದ ಮಾತೇ ಹೊರಡಲ್ಲ ಅಕ್ಕಾ. ಸರಿಯಾಗಿ ಹೇಳಿ."

"ಒಂಬತ್ತು."

"ಮಾತ್ರೆ ಬೇರೆ ಕೊಟ್ಟಿದೀವಿ."

"ಹೋಗ್ಲಿ, ಎಂಟು ಬರ್ಕೊಳಮ್ಮ."

"ಅಕ್ಕಾ!"

"ಏಳು. ಇನ್ನು ಇಳಿಸಲ್ಲ, ನಂಗೂ ಗಿಟ್ಟಬೇಕು."

ಸಿಸ್ಟರ್ ನಕ್ಕು ಐದು ಎಂದು ಬರೆದುಕೊಂಡಳು. ಅವಳನ್ನು ಬೈಯುವ ಹಾಗಿಲ್ಲ. ಅವಳ ಮನೆಯ ಊಟದ ಮೇಜು ಅಕ್ಕನ ಅಂಗಡಿಯದೇ. ಅಕ್ಕನ ಬಾಯಲ್ಲಿ ಬರುವ ಸಂಖ್ಯೆಯಲ್ಲಿ ಎಷ್ಟು ಗಾಳಿ ಇರುತ್ತದೆಂದು ಅವಳಿಗೆ ಚೆನ್ನಾಗಿ ಗೊತ್ತು. ಅಕ್ಕನಿಗಾದರೂ, ಎದುರಿಗಿದ್ದವರು ಹುಬ್ಬೇರಿಸಿದರೆ ನಾಲಿಗೆ ತಾನಾಗಿ ಇಳಿಸುತ್ತಾ ಹೋಗುತ್ತದೆ.

ಆಮೇಲೆ ವ್ಯಾಯಾಮ ಮಾಡಿಸುವವನು ಬಂದ. ಮಂಡಿಯ ಅಡಿ ಕೈಯಿಟ್ಟು ಇಷ್ಟೇ ಇಷ್ಟು ಎತ್ತಿದನೋ ಇಲ್ಲವೋ, ಅಕ್ಕ ಕಿರುಚಿದ ರಭಸಕ್ಕೆ ಪಕ್ಕದ ಮಂಚದವರನ್ನು ನೋಡಲು ಬಂದಿದ್ದವರ ಕೈಯಿಂದ ಕಿತ್ತಳೆ ಹಣ್ಣು ಉರುಳಿ ಹೋಯಿತು. ಅದೇ ಮಾತ್ರೆ ಮತ್ತೆ ಕೊಟ್ಟರು. ಕಾಲು ಹಲಗೆಯಂತೆಯೇ ಇತ್ತು. "ಇನ್ನೂ ಜೋರಾದ್ದು ಏನಾದ್ರೂ ಕೊಡಿ ಡಾಕ್ಟ್ರೇ" ಎಂದು ಅಕ್ಕ ಕೇಳಿದ್ದಕ್ಕೆ ಡ್ಯೂಟಿಯಲ್ಲಿದ್ದ ಹುಡುಗ ಡಾಕ್ಟರ್ ಅವಳನ್ನು ಒಂದು ಥರಾ ನೋಡಿದ. "ಎಲ್ಲರಿಗೂ ಇದೇ ಮಾತ್ರೆ ಕೆಲಸ ಮಾಡುತ್ತಲ್ಲ, ನಿಮಗೊಬ್ಬರಿಗೆ ಮಾಡಲ್ವಾ? ಸ್ವಲ್ಪ ಧೈರ್ಯ ತಗೊಳ್ಳಿ."

ಸಂಜೆ ಸಿಸ್ಟರ್ ಮತ್ತೆ ಎಷ್ಟು ನೋವು ಎಂದಾಗ ಅಕ್ಕ ಗೋಡೆ ಕಡೆ ಮುಖ ತಿರುಗಿಸಿದಳು. "ನಿಮಗೆ ತೋಚಿದ್ದು ಬರ್ಕೊಳ್ಳಿ."

ಇಷ್ಟು ವರ್ಷದಲ್ಲಿ ಅಕ್ಕ ಎದುರಿನವರು ಹೇಳಿದ ಸಂಖ್ಯೆಗೆ ಸುಮ್ಮನೆ ಒಪ್ಪಿದ್ದನ್ನು ನಾನು ಕಂಡಿರಲಿಲ್ಲ.

ಅಷ್ಟರಲ್ಲಿ ಬಂದ ಅವಳ ತಮ್ಮ, ಸೈರನ್. ಆ ಹೆಸರಿಟ್ಟವಳೇ ಅಕ್ಕ. ಹಿಂದೊಮ್ಮೆ ಅವನಿಗೆ ಹರ್ನಿಯಾ ಆಪರೇಷನ್ ಆದಾಗ ಮಾತ್ರೆ ನುಂಗಿಯೂ ವಾರ್ಡೆಲ್ಲ ಕೇಳುವಂತೆ ನರಳಿದ್ದನಂತೆ. ಅಂದಿನಿಂದ ಅವನು ಅಂಗಡಿಗೆ ಕಾಲಿಟ್ಟರೆ ಸಾಕು, "ಎಲ್ರೂ ಕಿವಿ ಮುಚ್ಕೊಳ್ರಪ್ಪ" ಎಂದು ಅಕ್ಕ ಗಿರಾಕಿಗಳ ಎದುರೇ ಮಾನ ಕಳೆಯುತ್ತಿದ್ದಳು. ಆ ಸಾಲ ತೀರಿಸಲು ಅವನು ಬಾಗಿಲಿಂದಲೇ ನಗುತ್ತಾ ಬಂದಿದ್ದ.

"ಏನಕ್ಕಾ, ನಿನ್ನ ಸಂಗೀತ ಗೇಟಿನ ತನಕ ಬರ್ತಿದೆಯಂತೆ? ನನ್ನ ಸೈರನ್ ಯಾವಾಗ ಕದ್ದೆ?"

ಅಕ್ಕ ತಿರುಗಿ ಬೈಯಲಿಲ್ಲ. ಕಣ್ಣಂಚು ಒರೆಸಿಕೊಂಡಳು, ಅಷ್ಟೇ. ತಮ್ಮನ ನಗು ಹಾಗೇ ಆರಿಹೋಯಿತು. ಏನು ಮಾಡಲೂ ತೋಚದೆ ಪಕ್ಕದಲ್ಲಿದ್ದ ಮಾತ್ರೆ ಹಾಳೆ ಎತ್ತಿಕೊಂಡ.

"ಅಯ್ಯೋ, ಇದೇ ಕಣೇ! ನಂಗೂ ಇದನ್ನೇ ಕೊಟ್ಟಿದ್ರು. ಬಟಾಣಿ ನುಂಗಿದ್ರೂ ಇಷ್ಟು ಗುಣ ಸಿಗ್ತಿತ್ತೇನೋ. ಯಾರು ನಂಬಿದ್ರು ಹೇಳು."

ಅರಿವಳಿಕೆ ಕೊಟ್ಟಿದ್ದ ಡಾಕ್ಟರಮ್ಮ ಪಕ್ಕದ ಮಂಚದವರನ್ನು ನೋಡುತ್ತಿದ್ದವರು ಈ ಮಾತಿಗೆ ತಿರುಗಿದರು. "ಏನಂದ್ರಿ? ನಿಮಗೂ ಕೆಲಸ ಮಾಡ್ಲಿಲ್ವಾ? ನೀವು ಇವರಿಗೆ ಏನಾಗ್ಬೇಕು?"

"ಏನು ಮಾಡೋದು ಮೇಡಂ, ಸ್ವಂತ ತಮ್ಮ."

ಡಾಕ್ಟರಮ್ಮ ಕುರ್ಚಿ ಎಳೆದುಕೊಂಡು ಕೂತರು. ಆ ಮಾತ್ರೆ ನುಂಗಿದ ಹಾಗೇ ನೋವು ಕಳೆಯುವುದಿಲ್ಲವಂತೆ. ಹೊಟ್ಟೆಗೆ ಹೋದ ಮೇಲೆ ಲಿವರ್ ಅದನ್ನು ಬೇರೆ ರೂಪಕ್ಕೆ ತಿರುಗಿಸಬೇಕು, ಆಗಲೇ ಅದಕ್ಕೆ ಪೂರಾ ಬಲ. ಕೆಲವರ ಲಿವರಿಗೆ ಆ ಕೆಲಸ ಬರುವುದಿಲ್ಲ. ಅದು ಹುಟ್ಟಿನಿಂದಲೇ, ಅಪ್ಪ ಅಮ್ಮನ ಕಡೆಯಿಂದ ಬರುವುದು, ಒಡಹುಟ್ಟಿದವರಲ್ಲೂ ಇರಬಹುದು.

ಅಕ್ಕ ಮೆಲ್ಲನೆ ಈ ಕಡೆ ತಿರುಗಿದಳು. "ಅಂದ್ರೆ ಮಂಚ ಬಿಡಿಬಿಡಿಯಾಗಿ ಬಂದಿದೆ, ಜೋಡಿಸೋ ಆಳು ಮನೇಲಿಲ್ಲ."

"ಅದೇ. ಇನ್ನು ಕೆಲವರ ಮೈಯಲ್ಲಿ ಈ ಆಳುಗಳು ಜಾಸ್ತಿ. ಅವರಿಗೆ ಇದೇ ಮಾತ್ರೆ ಅತಿಯಾಗಿ ಉಸಿರಾಟಕ್ಕೇ ಕುತ್ತು ಬರುತ್ತೆ. ಯಾರ ಮೈ ಯಾವ ಥರ ಅಂತ ಹೊರಗಿಂದ ಗೊತ್ತಾಗಲ್ಲ, ಅದಕ್ಕೇ ಇದನ್ನೇ ಹೆಚ್ಚು ಹೆಚ್ಚು ಕೊಡ್ತಾ ಹೋಗೋದಲ್ಲ, ಬೇರೆ ಔಷಧ ಕೊಡಬೇಕು. ರಕ್ತ ಪರೀಕ್ಷೆ ಬರೋ ತನಕ ನಂದು ಅಂದಾಜು. ಆದ್ರೆ ಅಲ್ಲೀವರೆಗೆ ನೀವು ನರಳೋದು ಬೇಡ. ಜೋಡಿಸಿದ ಮಂಚಾನೇ ಕಳಿಸ್ತೀನಿ."

ಬೇರೆ ಔಷಧ ಬಂತು, ಅಳತೆ ಸಣ್ಣದು. ನಾವು ಕಾದೆವು. ಬಿಗಿದಿದ್ದ ಹುಬ್ಬು ಸಡಿಲಾಯಿತು, ಹಾಸಿಗೆ ಹಿಡಿದಿದ್ದ ಮುಷ್ಟಿ ಬಿಚ್ಚಿತು. ಅಕ್ಕ ಒಂದು ಉದ್ದನೆಯ ಉಸಿರು ಬಿಟ್ಟು ಮಂಚವನ್ನು ಅತ್ತಿತ್ತ ಅಲುಗಿಸಿ ನೋಡಿದಳು.

"ಇದನ್ನ ಯಾರಣ್ಣ ಮಾರಿದ್ದು ಇವರಿಗೆ? ಒಂದು ಕಾಲು ಗಿಡ್ಡ."

ತಮ್ಮ ಜೋರಾಗಿ ನಕ್ಕ.

ಸಿಸ್ಟರ್ ಬಂದಳು. "ಈಗೆಷ್ಟು ಅಕ್ಕಾ?"

"ಮೂರು."

ಸಿಸ್ಟರ್ ಪೆನ್ನು ಹಿಡಿದು ಕಾದಳು.

"ಏನ್ ನೋಡ್ತೀಯ? ಮೂರೇ. ಕಡೇ ರೇಟು."

ವ್ಯಾಯಾಮದವನು ಮಂಡಿ ಮಡಚಿದಾಗ ಅಕ್ಕ ಅವನನ್ನು ಬಾಯಿಗೆ ಬಂದಂತೆ ಬೈದಳು. ಆದರೆ ಮಂಡಿ ಮಡಚಿತು. ರಕ್ತದ ವರದಿಯೂ ಡಾಕ್ಟರಮ್ಮನ ಅಂದಾಜನ್ನೇ ಹೇಳಿತು; ತಮ್ಮನದೂ ಹಾಗೇ. ಇನ್ನೆಲ್ಲಿ ಆಪರೇಷನ್ ಆದರೂ ಇದನ್ನು ಮೊದಲೇ ಹೇಳಿ ಎಂದು ಇಬ್ಬರಿಗೂ ತಾಕೀತಾಯಿತು.

ಕೆಲವು ತಿಂಗಳಾದ ಮೇಲೆ ಒಂದು ದಿನ ತಮ್ಮ ಯಾರದೋ ಹಳೆ ಮೇಜು ತಂದಿಳಿಸಿದ. ಅಕ್ಕ ಅಂಗಡಿಯ ಕಂಬ ಹಿಡಿದು, ಹಲ್ಲು ಕಚ್ಚಿ, ಇಳಿದಳು, ಇನ್ನಷ್ಟು ಇಳಿದಳು, ಕೂತೇಬಿಟ್ಟಳು. ತಲೆ ಮೇಜಿನ ಅಡಿಗೆ ಹೋಯಿತು. ನಾನು ಕನ್ನಡಿ ಒರೆಸುವುದನ್ನು ನಿಲ್ಲಿಸಿದೆ.

ಅಡಿಯಿಂದ ದನಿ ಬಂತು. "ಲೋ, ಆವತ್ತು ಹರ್ನಿಯಾದಾಗ ನಿಜವಾಗ್ಲೂ ಅಷ್ಟು ನೋವಿತ್ತೇನೋ?"

"ಇತ್ತಕ್ಕಾ."

"ಎಷ್ಟು?"

"ಹತ್ತು."

ನಾನೂ ಕಾದೆ, ತಮ್ಮನೂ ಕಾದ.

"ಸರಿ. ಹತ್ತು" ಎಂದಳು ಅಕ್ಕ. ಆಮೇಲೆ ಹಲಗೆಯನ್ನು ಬೆರಳಲ್ಲಿ ಕುಟ್ಟಿ, "ಇದಕ್ಕೆ ಗೆದ್ದಲು ಹಿಡಿದಿದೆ ಕಣೋ, ಅರ್ಧಕ್ಕೂ ಬೇಡ" ಎಂದಳು.