ಹಬೆಮನೆಯಲ್ಲಿ ಮೂರು ಸಂಸತ್ತು

ಲಾಟ್ವಿಯಾದ ಗಡಿಯಲ್ಲಿರುವ ಓಜೊಲಿ ಊರಿನ ಔಸ್ತ್ರಾ, ಜನ ಬಂದು ಹಬೆಸ್ನಾನ ಮಾಡುವ ಹಬೆಮನೆ ನಡೆಸುತ್ತಿದ್ದಳು. ಹೆಂಗಸು ಕುಳ್ಳಿ, ಬಾಯಿ ಜೋರು. ಜನರ ಬೆವರಿಳಿಸುವುದು ಅವಳಿಗೆ ಬರೀ ಕಸುಬಲ್ಲ, ಹುಟ್ಟುಗುಣ. ಒಳಗೆ ಕಾಲಿಟ್ಟವನು ಮಂತ್ರಿಯಾಗಲಿ, ಮರ ಕಡಿಯುವವನಾಗಲಿ, ಬಟ್ಟೆ ಗೂಟಕ್ಕೆ, ಬಿಸಿ ತಡೆಯುವ ಉಣ್ಣೆಯ ಟೋಪಿ ತಲೆಗೆ, ಜಗಳ ಬಾಗಿಲಾಚೆಗೆ. ಅಲ್ಲಿ ಅವಳ ಮಾತೇ ಕಾನೂನು. ಮೈ ಹಗುರಾಗಲೆಂದು ಬರ್ಚ್ ಸೊಪ್ಪಿನ ಕಟ್ಟು ಹಿಡಿದು ಅವಳು ಬೆನ್ನಿಗೆ ಬಾರಿಸುತ್ತಿದ್ದರೆ ರಾಜಧಾನಿ ರೀಗಾದ ದೊಡ್ಡ ಮನುಷ್ಯರೂ ತೆಪ್ಪಗೆ ಬೋರಲು ಬಿದ್ದಿರುತ್ತಿದ್ದರು.

ಇಂಥವಳನ್ನೂ ಒಂದು ಚಿಂತೆ ತಿನ್ನುತ್ತಿತ್ತು. ಅದು ಗಂಡ ಯೆಕಬ್ಸನ ಎದೆ. ಹಿಂದಿನ ಚಳಿಗಾಲದಲ್ಲಿ ಸೌದೆ ಒಡೆಯುತ್ತಿದ್ದವನು ಎದೆ ಹಿಡಿದುಕೊಂಡು ಹಿಮದಲ್ಲಿ ಕುಸಿದಿದ್ದ. ಹೊಳೆ ದಾಟಿದರೆ ಎಸ್ಟೋನಿಯಾ. ಅಲ್ಲಿಯ ಆಸ್ಪತ್ರೆಯ ದೀಪ ಅವಳ ಅಡುಗೆಮನೆ ಕಿಟಕಿಗೆ ಕಾಣುತ್ತದೆ. ಸೇತುವೆಗೆ ಕಾವಲಿಲ್ಲ, ಅಡ್ಡಗೋಲಿಲ್ಲ, ಔಸ್ತ್ರಾಳ ಬಾತುಕೋಳಿಗಳು ದಿನಾ ಎರಡು ದೇಶ ಸುತ್ತಿ ಬರುತ್ತವೆ. ಆದರೆ ಆಚೆಯ ಆಂಬುಲೆನ್ಸ್ ಮಾತ್ರ ಈಚೆ ನೆಲದ ಮೇಲೆ ಚಕ್ರ ಇಡುವ ಹಾಗಿಲ್ಲ. ಲಾಟ್ವಿಯಾದ ಗಾಡಿ ದೂರದ ಪೇಟೆಯಿಂದ ಹಿಮ ಸೀಳಿಕೊಂಡು ಬರುವಷ್ಟರಲ್ಲಿ ಯೆಕಬ್ಸನ ತುಟಿ ನೀಲಿಯಾಗಿತ್ತು. ಹೇಗೋ ಬದುಕಿದ. ಇನ್ನೊಂದು ಸಲ ಇಷ್ಟು ತಡವಾದರೆ ಆಸೆ ಬಿಡಿ ಎಂದು ಡಾಕ್ಟರು ಅವಳೊಬ್ಬಳನ್ನೇ ಪಕ್ಕಕ್ಕೆ ಕರೆದು ಹೇಳಿದ್ದರು.

ಹಾಗಾಗಿ ಎಸ್ಟೋನಿಯಾ, ಲಾಟ್ವಿಯಾ, ಲಿಥುವೇನಿಯಾ ಮೂರೂ ಸಂಸತ್ತುಗಳ ಜಂಟಿ ಸಮಿತಿ ಇದೇ ಆಂಬುಲೆನ್ಸ್ ವಿಷಯಕ್ಕೆ ಓಜೊಲಿಯ ಅತಿಥಿಗೃಹದಲ್ಲಿ ಸೇರುತ್ತದೆ ಎಂದು ಗೊತ್ತಾದಾಗ ಔಸ್ತ್ರಾ ಹಬೆಮನೆಯ ಹಲಗೆ ಹಲಗೆಯನ್ನೂ ತಿಕ್ಕಿ ತೊಳೆದಳು. ಸಂಜೆ ಅವರು ಬಂದೇ ಬರುತ್ತಾರೆ. ಈ ಕಡೆ ಸಭೆ ಮುಗಿದು ಹಬೆಮನೆಗೆ ಹೋಗಲಿಲ್ಲವೆಂದರೆ ಸಭೆಯೇ ನಡೆಯಲಿಲ್ಲ ಎಂದು ಲೆಕ್ಕ.

ಮಧ್ಯಾಹ್ನವೇ ಅತಿಥಿಗೃಹದ ಅಡುಗೆಯವಳು ಸುದ್ದಿ ತಂದಳು. ಆಚೆಯವರು ಒಪ್ಪಿದ್ದರಂತೆ, ಲಿಥುವೇನಿಯಾದವರೂ ಒಪ್ಪಿದ್ದರಂತೆ. ಅಡ್ಡಗಾಲು ಹಾಕಿದ್ದು ನಮ್ಮವರೇ ಆದ ಸಮಿತಿಯ ಅಧ್ಯಕ್ಷ ಗುನಾರ್ಸ್ ಸಾಹೇಬರು. ಹೊಗೆಯಲ್ಲಿ ಬೇಯಿಸಿದ ಮೀನನ್ನು ತಟ್ಟೆ ತುಂಬ ಹಾಕಿಸಿಕೊಂಡು, ವಿಷಯ ಇನ್ನಷ್ಟು ಅಧ್ಯಯನ ಆಗಬೇಕು ಎಂದರಂತೆ. ಒಳಗಿನ ಮಾತು ಬೇರೆ. ಆಚೆಯ ಗಾಡಿ ಬಂದರೆ ನಮ್ಮ ಗಾಡಿ ಎಲ್ಲಿ ಸತ್ತಿದೆ ಎಂದು ಜನ ಕೇಳುತ್ತಾರಲ್ಲ, ಆ ಭಯ. ಔಸ್ತ್ರಾ ಒಲೆಗೆ ಇನ್ನೂ ನಾಲ್ಕು ಸೌದೆ ತುರುಕಿದಳು.

ಸಂಜೆ ಗುನಾರ್ಸ್ ಬಂದರು, ಜೊತೆಗೆ ಎಸ್ಟೋನಿಯಾದ ಎಂಡೆಲ್, ಲಿಥುವೇನಿಯಾದ ವೈದೋತಾಸ್. ಮೂವರೂ ಟೋಪಿ ಹಾಕಿಕೊಂಡು ಬಿಸಿ ಜಾಸ್ತಿಯಿರುವ ಮೇಲಿನ ಹಲಗೆ ಏರಿದರು. ಔಸ್ತ್ರಾ ಕಾದ ಕಲ್ಲಿಗೆ ನೀರು ಸುರಿದಳು. ನಮ್ಮ ಲಾಟ್ವಿಯಾದ ಹಬೆ ಹೇಗೆ ಎಂದು ಗುನಾರ್ಸ್ ಎದೆಯುಬ್ಬಿಸಿ ಕೇಳಿದರು. ಎಂಡೆಲ್ ಮಾತಾಡುವವನೇ ಅಲ್ಲ. ಸ್ವಲ್ಪ ಹೊತ್ತು ಯೋಚಿಸಿ, ಒಲೆ ಯಾವಾಗ ಹಚ್ಚುತ್ತೀರಿ ಎಂದು ಕೇಳಿದ.

ಅಲ್ಲಿಗೆ ಶುರುವಾಯಿತು. ಇನ್ನೂ ಸುರಿ ಎಂದರು ಗುನಾರ್ಸ್. ನಮ್ಮಲ್ಲಿ ಇಷ್ಟು ಬಿಸಿಯಲ್ಲಿ ಕೂಸುಗಳನ್ನು ಮೀಯಿಸುತ್ತೇವೆ ಎಂದ ವೈದೋತಾಸ್. ಇಡೀ ದಿನ ಇಂಗ್ಲಿಷಿನಲ್ಲಿ ಮಾನ್ಯ ಸದಸ್ಯರೇ ಎನ್ನುತ್ತಿದ್ದವರು ಈಗ ಮೂವರೂ ಚಿಕ್ಕಂದಿನಲ್ಲಿ ಶಾಲೆಯಲ್ಲಿ ಕಲಿತ ರಷ್ಯನ್ನಿನಲ್ಲಿ ಬೈದಾಡಿಕೊಂಡರು. ಮೊದಲು ಇಳಿದವನ ದೇಶದ ಮಾನ ಹೋಗುತ್ತದೆ, ಯಾರೂ ಇಳಿಯಲೊಲ್ಲರು. ಸಾಕು, ಇಳಿದು ಹೊಳೆಗೆ ಬಿದ್ದು ಮೈ ತಣಿಸಿಕೊಳ್ಳಿ ಎಂದು ಔಸ್ತ್ರಾ ಗದರಿದಳು. ಅವಳ ಹಬೆಮನೆಯಲ್ಲಿ ಅವಳ ಮಾತು ನಡೆಯದೇ ಹೋದದ್ದು ಅದೇ ಮೊದಲು. ಅವಳು ಸೌಟು ಬಿಸಾಕಿ ಬಾಗಿಲು ತೆರೆದಳು. ಅಷ್ಟರಲ್ಲಿ ಗುನಾರ್ಸ್ ಸಾಹೇಬರು ಕಣ್ಣು ಮೇಲೆ ಮಾಡಿಕೊಂಡು ಹಲಗೆಯಿಂದ ಜಾರಿ ಅವಳ ಕಾಲ ಬಳಿ ಬಿದ್ದರು.

ಪೇಟೆಗೆ ಫೋನು ಮಾಡಿದರೆ ಗಾಡಿ ಬೇರೆಲ್ಲೋ ಹೋಗಿದೆ, ಕಾಯಿರಿ ಎಂದರು. ಆಚೆಗೆ ಮಾಡಿದರೆ ಸೇತುವೆಯ ನಡುವಿನತನಕ ಬರುತ್ತೇವೆ, ಮುಂದಿನದು ನಿಮಗೆ ಬಿಟ್ಟದ್ದು ಎಂದರು. ಸಮಿತಿಯ ವ್ಯಾನಿನ ಚಾಲಕ ಆಗಲೇ ಬಿಯರು ಕುಡಿದು ತೇಲಾಡುತ್ತಿದ್ದ. ನಾನೂ ಕೈ ಹಾಕುತ್ತೇನೆ ಎಂದು ಬಂದ ಯೆಕಬ್ಸನನ್ನು ಔಸ್ತ್ರಾ ಗದರಿಸಿ ಕೂರಿಸಿದಳು. ಕೊನೆಗೆ ಅದೇ ಹಲಗೆಯನ್ನು ಕಿತ್ತು, ಅದರ ಮೇಲೆ ಸಾಹೇಬರನ್ನು ಮಲಗಿಸಿ, ಒಂದು ದುಪ್ಪಟಿ ಹೊದಿಸಿ, ಎಸ್ಟೋನಿಯಾ ಮುಂದೆ, ಲಿಥುವೇನಿಯಾ ಹಿಂದೆ ಹೊತ್ತುಕೊಂಡು ಹೊರಟರು. ಇಬ್ಬರ ತಲೆಯ ಮೇಲೂ ಟೋಪಿ, ಸೊಂಟಕ್ಕೆ ಟವಲು, ಬೆನ್ನಿಗಂಟಿದ ಬರ್ಚ್ ಎಲೆ. ಜೂನ್ ತಿಂಗಳ ಸಂಜೆ, ಬೆಳಕು ಆರುವ ಲಕ್ಷಣವೇ ಇಲ್ಲ. ಊರಿಗೆ ಊರೇ ಬೇಲಿಗೆ ಬಂದು ನಿಂತು ನೋಡಿತು.

ಸೇತುವೆಯ ನಡುವೆ ಆಂಬುಲೆನ್ಸಿನವರು ಗಡಿಯ ಗೆರೆಗೆ ಬೂಟು ತಾಗಿಸಿ ನಿಂತಿದ್ದರು. ಗಾಳಿ ತಾಗಿ ಎಚ್ಚರಾದ ಗುನಾರ್ಸ್ ಕ್ಷೀಣವಾಗಿ, ಎರಡು ಹೆಜ್ಜೆ ಮುಂದೆ ಬರಬಾರದೇನಪ್ಪ ಎಂದು ಅವರನ್ನು ಕೇಳಿದರು. ಉತ್ತರ ಕೊಟ್ಟವನು ಹಲಗೆ ಹೊತ್ತಿದ್ದ ಎಂಡೆಲ್.

"ಬರೋ ಹಾಗಿಲ್ಲ ಸಾಹೇಬ್ರೆ. ಅಧ್ಯಯನ ಇನ್ನೂ ಮುಗಿದಿಲ್ಲ."

ಬೆಳಗಾಗುವಷ್ಟರಲ್ಲಿ ಸಾಹೇಬರು ಆಚೆಯ ಆಸ್ಪತ್ರೆಯಲ್ಲಿ ಚೇತರಿಸಿಕೊಂಡರು. ತೊಂದರೆಯೆಂದರೆ, ಮೈಮೇಲಿದ್ದದ್ದು ಆ ದುಪ್ಪಟಿಯೊಂದೇ. ಔಸ್ತ್ರಾಳಿಗೆ ಫೋನು ಬಂತು.

"ನನ್ನ ಪ್ಯಾಂಟು ಗೂಟದಲ್ಲೇ ಇದೆಯಮ್ಮ. ಸ್ವಲ್ಪ ಕಳಿಸ್ಕೊಡು."

"ಹೆಂಗ್ ಕಳಿಸ್ಲಿ? ಈ ದೇಶದ್ದು ಆ ದೇಶಕ್ಕೆ ಹೋಗ್ಬೇಕಲ್ಲ. ಮೊದ್ಲು ಸಮಿತಿಲಿ ತೀರ್ಮಾನ ಆಗ್ಲಿ."

"ತಮಾಷೆ ಮಾಡ್ಬೇಡ ಕಣಮ್ಮ, ಪತ್ರಿಕೆಯವರು ಬರ್ತಿದ್ದಾರೆ."

"ನಾನೂ ತಮಾಷೆ ಮಾಡ್ತಿಲ್ಲ. ಪ್ಯಾಂಟಿಲ್ದೆ ನೀವು ಇಡೀ ದಿನ ಇರ್ತೀರಿ ಸಾಹೇಬ್ರೆ. ಉಸಿರಿಲ್ದೆ ನನ್ನ ಗಂಡ ಎಷ್ಟು ಹೊತ್ತು ಇರ್ತಾನೆ, ನೀವೇ ಹೇಳಿ."

ಹಾಗಾದರೆ ಸಮಿತಿಯವರನ್ನೆಲ್ಲ ಇಲ್ಲಿಗೇ ಬರಹೇಳು ಎಂದರು ಗುನಾರ್ಸ್. ಮೂರು ಸಂಸತ್ತುಗಳ ಸಭೆ ಆಸ್ಪತ್ರೆಯ ಮಂಚದ ಸುತ್ತ ಸೇರಿತು. ಅಧ್ಯಕ್ಷರು ದುಪ್ಪಟಿಯೊಳಗಿಂದ ಕೈ ಹೊರಗೆ ಚಾಚಿ, ಆಂಬುಲೆನ್ಸ್ ಗಡಿ ದಾಟಬಹುದೆಂಬ ಶಿಫಾರಸಿಗೆ ಸಹಿ ಹಾಕಿದರು. ಆಮೇಲೆಯೇ ಪ್ಯಾಂಟು ಹೊಳೆ ದಾಟಿದ್ದು, ಅದೂ ಇಸ್ತ್ರಿಯಾಗಿ.

ಆ ಶಿಫಾರಸು ಸಂಸತ್ತುಗಳ ಮೆಟ್ಟಿಲು ಹತ್ತಿಳಿದು ಕಾನೂನಾಗುವಷ್ಟರಲ್ಲಿ ಮತ್ತೆ ಹಿಮ ಬಿದ್ದಿತ್ತು. ಫೆಬ್ರವರಿಯ ಒಂದು ಬೆಳಿಗ್ಗೆ ಯೆಕಬ್ಸ್ ರೊಟ್ಟಿಗೆ ಬೆಣ್ಣೆ ಸವರುತ್ತಿದ್ದವನು ಮೇಜಿನ ಮೇಲೆ ಒರಗಿಬಿಟ್ಟ. ಔಸ್ತ್ರಾ ಆಚೆಯ ಆಸ್ಪತ್ರೆಗೆ ಫೋನು ಮಾಡಿದಳು. ಕಾಯಲು ಗೇಟಿಗೆ ಹೋಗೋಣವೆಂದು ಒಂದು ಬೂಟು ಹಾಕಿದ್ದಳು, ಇನ್ನೊಂದು ಕೈಯಲ್ಲಿತ್ತು, ಗಾಡಿ ಸೇತುವೆ ದಾಟಿ ಅಂಗಳಕ್ಕೇ ಬಂದುಬಿಟ್ಟಿತು. ಸೂಜಿ ಚುಚ್ಚಿದರು, ಮೂಗಿಗೆ ಗಾಳಿ ಕೊಟ್ಟರು. ಯೆಕಬ್ಸನ ಮುಖಕ್ಕೆ ಬಣ್ಣ ಬಂತು. ಔಸ್ತ್ರಾ ಒಂಟಿ ಬೂಟಿನಲ್ಲಿ ಹೊಸ್ತಿಲ ಮೇಲೆ ಕೂತು ಗೊಳೋ ಎಂದು ಅತ್ತಳು.

"ಯಾಕೇ ಅಳ್ತೀಯ," ಸ್ಟ್ರೆಚರಿನ ಮೇಲಿಂದ ಯೆಕಬ್ಸ್ ಗೊಣಗಿದ. "ನಾನಿನ್ನೂ ಇದ್ದೀನಿ ಕಣೇ."

"ಇದ್ದೀಯಲ್ಲ," ಎಂದಳು ಔಸ್ತ್ರಾ, "ಅದಕ್ಕೇ."