ಚಗಳಿ ಚಟ್ನಿಯೂ ನನ್ನ ಕೀರ್ತಿಯೂ

ಚಗಳಿ ಚಟ್ನಿಯನ್ನು ನೀವು ತಿಂದಿದ್ದೀರೋ ಇಲ್ಲವೋ ಕಾಣೆ. ನಮ್ಮ ಬೆಳಗೋಡಿನ ಕಡೆ ಚಳಿ ಬಿದ್ದಿತೆಂದರೆ, ಮರದ ಎಲೆಗಳನ್ನು ಹೆಣೆದು ಗೂಡು ಕಟ್ಟುವ ಚಗಳಿ ಎಂಬ ಕೆಂಪಿರುವೆಗಳಿಗೆ ಕೇಡುಗಾಲ ಬಂತೆಂದೇ ತಿಳಿಯಿರಿ. ಗೂಡನ್ನು ಕೊಂಬೆಸಮೇತ ಇಳಿಸಿ, ಪಾತ್ರೆಗೆ ಕೊಡವಿ, ಉಪ್ಪು ಹಾಕಿ ಹುರಿದು, ತೆಂಗಿನಕಾಯಿ, ಬೆಳ್ಳುಳ್ಳಿ, ಜೀರಿಗೆ ಮೆಣಸಿನೊಡನೆ ಅರೆದರೆ ಅದರ ಹುಳಿ ನಾಲಿಗೆಯಿಂದ ನೇರ ನೆತ್ತಿಗೇರುತ್ತದೆ. ಶೀತಕ್ಕೂ ಉಬ್ಬಸಕ್ಕೂ ಅದೇ ಮದ್ದೆಂಬುದು ನಮ್ಮವರ ನಂಬಿಕೆ. ರೋಗನಿರೋಧಕ ಶಕ್ತಿಯ ಸಂಶೋಧನೆಯನ್ನೇ ಕಸುಬಾಗಿಸಿಕೊಂಡ ನಾನು, ತವರಿನ ಋಣವೋ ನಾಲಿಗೆಯ ಚಪಲವೋ, ಆ ನಂಬಿಕೆಯನ್ನು ಪ್ರಯೋಗಶಾಲೆಗೂ ಒಯ್ದೆ. ಉಬ್ಬಸದ ಇಲಿಗಳಿಗೆ ಚಗಳಿಯ ಸಾರ ಕುಡಿಸಿದರೆ ಅವು ಮೊದಲಿನಂತೆಯೇ ಏದುಸಿರು ಬಿಟ್ಟವು. ‘ಚಗಳಿ ಉಬ್ಬಸವನ್ನು ಶಮನಗೊಳಿಸುತ್ತದೆಂದು ಈ ಸೀಮೆಯ ಜನ ನಂಬುತ್ತಾರೆ’ ಎಂದು ಆರಂಭಿಸಿ, ‘ನಮಗೆ ಅಂಥ ಗುಣವೇನೂ ಕಾಣಲಿಲ್ಲ’ ಎಂದು ಮುಗಿಸಿದ ಪುಟ್ಟ ಲೇಖನವೊಂದನ್ನು ಪ್ರಕಟಿಸಿ ಮುಂದಿನ ಕೆಲಸಕ್ಕೆ ಹೋದೆ.

ನಮ್ಮ ವೃತ್ತಿಯಲ್ಲಿ ಬರೆದರೆ ಸಾಲದು. ಬರೆದದ್ದನ್ನು ಉಳಿದವರು ತಮ್ಮ ಬರಹದಲ್ಲಿ ಉಲ್ಲೇಖಿಸಬೇಕು, ಆಗಲೇ ನಮಗೊಂದು ಬೆಲೆ. ನಮ್ಮ ಜೀವಕೋಶಗಳು ಹಳೆಯ ರೋಗಗಳನ್ನು ಹೇಗೆ ನೆನಪಿಟ್ಟುಕೊಳ್ಳುತ್ತವೆಂದು ವರ್ಷಗಟ್ಟಲೆ ತಲೆ ಕೆಡಿಸಿಕೊಂಡು ಬರೆದದ್ದನ್ನು ಮೂಸಿ ನೋಡಿದವರಿಲ್ಲ. ಚಗಳಿಯ ಲೇಖನದ ಉಲ್ಲೇಖಗಳು ಮಾತ್ರ ಸಿಲ್ವರ್ ಓಕ್ ಮರಕ್ಕೆ ಹಬ್ಬಿದ ಮೆಣಸಿನ ಬಳ್ಳಿಯ ಹಾಗೆ ಏರುತ್ತಲೇ ಹೋದವು. ಪ್ರಾಮಾಣಿಕವಾದ ‘ಇಲ್ಲ’ಕ್ಕೂ ಲೋಕದಲ್ಲಿ ಮರ್ಯಾದೆಯುಂಟಲ್ಲ ಎಂದು ಹಿಗ್ಗಿದೆ. ಸಂಸ್ಥೆಯವರು ಹಾರ ಹಾಕಿದಾಗ ಕೊರಳನ್ನು ತುಸು ಮುಂದೆಯೇ ಚಾಚಿದೆ.

ಈ ಚಳಿಗಾಲ ಊರಿಗೆ ಹೋದಾಗ, ನನ್ನನ್ನು ಓದಿಸಿದ ಚಿಕ್ಕಪ್ಪ ಕಾಫಿ ಕಣದ ಬಿಸಿಲಿನಲ್ಲಿ ಕುಳಿತು ಏದುಸಿರು ಬಿಡುತ್ತಿದ್ದರು. ಅವರ ಅಂಗಿಯ ಜೇಬಿನಲ್ಲಿ ಸದಾ ಇರುತ್ತಿದ್ದ ಇನ್‌ಹೇಲರ್ ಕಾಣಲಿಲ್ಲ.

“ಪಂಪ್ ಎಲ್ಲಿ ಚಿಕ್ಕಪ್ಪ?”

“ಬುಟ್ಬುಟ್ಟೆ ಕಣವ್ವ. ಈಗ ದಿನಾ ಚಗಳಿ ಚಟ್ನಿ. ನೀನೇ ಬರ್ದಿದೀಯಂತಲ್ಲ, ಮೊಬೈಲಲ್ಲಿ ಬಂದೈತೆ.”

ಬಂದಿತ್ತು. ಚಗಳಿಯಿಂದ ಉಬ್ಬಸ ಗುಣವೆಂದು ವಿಜ್ಞಾನಿಗಳೇ ಸಾಬೀತು ಮಾಡಿದ್ದಾರಂತೆ; ಕೆಳಗೆ ನನ್ನ ಹೆಸರು. ಮೊಬೈಲಿನ ಸುದ್ದಿಗೆ ತಲೆಬುಡವಿಲ್ಲ ಎಂದು ಮೊದಲು ನಕ್ಕೆ. ಆದರೆ ಆ ಸುದ್ದಿ ಆಧಾರಕ್ಕೆಂದು ಒಂದು ವಿದ್ವತ್ಪತ್ರಿಕೆಯನ್ನು ಹೆಸರಿಸಿತ್ತು. ಮಧ್ಯಾಹ್ನ ಕುಳಿತು ಆ ಲೇಖನವನ್ನೂ, ಅಲ್ಲಿಂದ ನನ್ನನ್ನು ಉಲ್ಲೇಖಿಸಿದ ಉಳಿದವರನ್ನೂ ಒಬ್ಬೊಬ್ಬರಾಗಿ ತೆರೆದು ನೋಡಿದೆ. ಮೊದಲನೆಯವನು ನನ್ನ ಮೊದಲ ಸಾಲನ್ನಷ್ಟೇ ಓದಿ, ‘ಜನ ನಂಬುತ್ತಾರೆ’ ಎಂಬುದನ್ನು ಕೈಬಿಟ್ಟು, ಚಗಳಿ ಉಬ್ಬಸವನ್ನು ಶಮನಗೊಳಿಸುತ್ತದೆಂದು ಬರೆದು ನನ್ನ ಹೆಸರು ಹಾಕಿದ್ದ. ಎರಡನೆಯವನು ಅವನನ್ನು ನೋಡಿ ಬರೆದಿದ್ದ, ಮೂರನೆಯವನು ಎರಡನೆಯವನನ್ನು. ಮೊದಲನೆಯವನು ತಪ್ಪಾಗಿ ಹಾಕಿದ ಪುಟಸಂಖ್ಯೆಯೇ ಎಲ್ಲರಲ್ಲೂ ಇತ್ತು. ಓದುಗ ಮಿತ್ರರೇ, ಕುರಿಮಂದೆಯನ್ನು ಗೇಲಿ ಮಾಡುವ ನಾವು ಓದಿದವರ ಮಂದೆಯನ್ನು ಏನೆನ್ನಬೇಕು? ನಾನು ‘ಇಲ್ಲ’ ಎಂದದ್ದನ್ನು ಇವರೆಲ್ಲ ಸೇರಿ ‘ಹೌದು’ ಮಾಡಿದ್ದರು, ಆ ‘ಹೌದಿ’ಗೇ ನನ್ನ ಕೊರಳಿಗೆ ಹಾರ ಬಿದ್ದಿತ್ತು.

ಚಿಕ್ಕಪ್ಪನಿಗೆ ಹೇಳಿದೆ. “ಅಷ್ಟು ಜನ ಓದ್ದೋರು ಸುಳ್ ಬರೀತಾರಾ?” ಎಂದರು.

“ಓದದೆಯೇ ಬರೆದಿದ್ದಾರೆ ಚಿಕ್ಕಪ್ಪ.”

ಅವರು ಎದ್ದು ಒಳಗೆ ಹೋಗಿ ಇನ್‌ಹೇಲರ್ ತಂದು ಎಳೆದುಕೊಂಡರು. ನನಗೆ ಹೋದ ಜೀವ ಬಂದಂತಾಯಿತು. ಉಸಿರು ತಹಬಂದಿಗೆ ಬಂದ ಮೇಲೆ ಅವರೇ ಮಾತು ತೆಗೆದರು. “ನಾನೇನೋ ನಿನ್ ಮಾತ್ ಕೇಳ್ದೆ. ಹಾನುಬಾಳ್ ಗಂಟ ಉಬ್ಸ ಇರೋರಿಗೆಲ್ಲ ನಾನೇ ಹೇಳ್ಬುಟ್ಟಿದೀನಲ್ಲವ್ವ, ನಮ್ ಹುಡ್ಗಿ ಬರ್ದವ್ಳೆ ಅಂತ.”

ನನ್ನ ಉಲ್ಲೇಖಗಳ ಲೆಕ್ಕಕ್ಕೆ ಸಿಗದ ಉಲ್ಲೇಖಗಳಿವು. ಮರುದಿನ ಬೆಳಿಗ್ಗೆಯೇ ಇಬ್ಬರೂ ಜೀಪು ಹತ್ತಿದೆವು. ಮೊದಲು ಹೋದದ್ದು ಹಾನುಬಾಳಿನ ಆಚೆ, ಎಸ್ಟೇಟೊಂದರ ಕೂಲಿಗಾರರ ಲೈನ್ ಮನೆಗಳಿಗೆ. ಏರು ಹತ್ತಲಾಗದೆ ಚಿಕ್ಕಪ್ಪ ಕೆಳಗೆ ಜೀಪಿನಲ್ಲೇ ಉಳಿದರು, ನಾನೊಬ್ಬಳೇ ಹೋದೆ. ಕೆಂಚಮ್ಮ ಎಂಬ ಮುದುಕಿ ಬಾಗಿಲಲ್ಲಿ ಕುಳಿತಿದ್ದಳು. ಅವಳ ಎದೆ ತಿದಿಯಂತೆ ಏರಿಳಿಯುತ್ತಿತ್ತು, ಪಕ್ಕದ ಬಟ್ಟಲಲ್ಲಿ ಚಟ್ನಿಯಿತ್ತು. ಚಗಳಿಯಿಂದ ಉಬ್ಬಸ ಹೋಗುವುದಿಲ್ಲ, ಡಾಕ್ಟರು ಕೊಟ್ಟ ಪಂಪನ್ನು ಬಿಡಬೇಡ ಎಂದೆ.

“ಬೆಳಗೋಡಿನ್ ಗೌಡ್ರ ಮನೆ ಹುಡ್ಗಿ ಬರ್ದವ್ಳಂತೆ. ದೊಡ್ ದೊಡ್ಡೋರೆಲ್ಲ ಒಪ್ಪವ್ರಂತೆ. ಅಲ್ಲ ಅನ್ನಕೆ ನೀ ಯಾರವ್ವ?”

“ಆ ಹುಡುಗಿ ನಾನೇ” ಎಂದೆ.

ಕೆಂಚಮ್ಮ ನನ್ನನ್ನು ಮೇಲಿಂದ ಕೆಳಗೆ ನೋಡಿ ನಕ್ಕಳು. ಆ ನಗುವನ್ನು ಮುಗಿಸಲು ಅವಳಿಗೆ ಉಸಿರು ಸಾಲಲಿಲ್ಲ.